ಓವನ್ ಬೇಡದ ಸುನ್ನುಂಡೆ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯವಾಡದಲ್ಲಿ ಓವನ್ ಹಚ್ಚುವವರು ಯಾರು? ಅಲ್ಲಿನ ಮನೆಗಳ ಡಬ್ಬಿಗೆ ಸುನ್ನುಂಡೆಯೇ ಸಾಕು. ಉದ್ದು, ಬೆಲ್ಲ, ತುಪ್ಪ. ಪಾಕ ಹಿಡಿಯುವ ತಲೆನೋವೂ ಇಲ್ಲ. ಜಾಣ್ಮೆಯೆಲ್ಲ ಹುರಿಯುವುದರಲ್ಲಿ: ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸುತ್ತ ಕಾಳಿನ ಒಳಕ್ಕೂ ಬಿಸಿ ಇಳಿಸಬೇಕು, ಮೇಲಷ್ಟೇ ಕೆಂಪಾದರೆ ಹಸಿವಾಸನೆ ಉಳಿಯುತ್ತದೆ. ಸಿಪ್ಪೆಯುದ್ದಿನ ಘಮವೇ ನನಗಿಷ್ಟ, ಬಣ್ಣ ಕಪ್ಪಾದರೇನಂತೆ! ಜೊತೆಗೆ ಹುರಿದು ಬೀಸಿದ ಹಿಡಿ ಅಕ್ಕಿ ಇದ್ದರೆ ಉಂಡೆ ಅಂಗುಳಿಗೆ ಮೆತ್ತುವುದಿಲ್ಲ. ವಿಶಾಖಪಟ್ಟಣದವರಿಗೆ ಬೆಲ್ಲದ ಚಿಂತೆಯಿಲ್ಲ, ಬೆಲ್ಲದ ಮಾರುಕಟ್ಟೆಗೇ ಹೆಸರಾದ ಅನಕಾಪಲ್ಲಿ ಪಕ್ಕದಲ್ಲೇ ಇದೆ. ಕೊನೆಗೆ ಬೀಸಿದ ಹಿಟ್ಟು, ಬೆಲ್ಲಕ್ಕೆ ಬಿಸಿತುಪ್ಪ ಸುರಿದು, ಆರುವ ಮೊದಲೇ ಮುಷ್ಟಿಯಲ್ಲಿ ಒತ್ತಿ ಕಟ್ಟಬೇಕು. ನಮ್ಮ ತಂಬಿಟ್ಟಿನ ಹತ್ತಿರದ ನೆಂಟ ಇದು. ಮೈನೆರೆದ ಹುಡುಗಿಗೂ ಬಾಣಂತಿಗೂ ಬಲ ಬರಲೆಂದು ತಿನ್ನಿಸುವ ವಾಡಿಕೆಯುಂಟು. ಉಳಿದವರು ಕದ್ದು ತಿನ್ನುತ್ತಾರೆ.