ಬುದ್ಧಿಯ ಅಳತೆ ಮತ್ತು ಗಣಿನಾಡಿನ ಮಗು

ಮಗುವಿನ ಬುದ್ಧಿಯನ್ನು ಅಂಕಿಯಲ್ಲಿ ಹೇಳುವ ಪದ್ಧತಿ ಕನ್ನಡ ನಾಡಿಗೆ ಬಂದು ತೊಂಬತ್ತು ವರ್ಷಗಳೇ ಸಂದುವು. ಪಾಠದಲ್ಲಿ ಹಿಂದುಳಿದ ಮಗುವನ್ನು ತಜ್ಞರ ಬಳಿಗೆ ಕರೆದೊಯ್ದ ತಾಯಿತಂದೆಗಳು ಒಂದು ಕಾಗದವನ್ನು ಹಿಡಿದು ಮರಳುತ್ತಾರೆ. ಅದರಲ್ಲಿ ಎಪ್ಪತ್ತು, ಅರವತ್ತೈದು ಎಂಬಂತೆ ಒಂದು ಸಂಖ್ಯೆ ಇರುತ್ತದೆ. ಅಂದಿನಿಂದ ಆ ಮಗುವನ್ನು ಮನೆಯವರೂ ಗುರುಗಳೂ ಬೇರೊಂದು ಕಣ್ಣಿನಿಂದ ನೋಡತೊಡಗುತ್ತಾರೆ. ಆ ಸಂಖ್ಯೆ ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬ ವಿವೇಚನೆಯೇ ಈ ಲೇಖನದ ಉದ್ದೇಶ. ಅದಕ್ಕಾಗಿ ವಿ. ವಿ. ಕಾಮತರ ಬುದ್ಧಿಮಾಪನ ಕಾರ್ಯವನ್ನು ತೆಗೆದುಕೊಂಡು, ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸಿನಲ್ಲಿ ಅದನ್ನು ಒರೆಗೆ ಹಚ್ಚಿ ನೋಡೋಣ.

ಈ ವಿದ್ಯೆಯ ಮೂಲಪುರುಷನು ಫ್ರಾನ್ಸ್ ದೇಶದ ಆಲ್ಫ್ರೆಡ್ ಬಿನೆ. 1905ರಲ್ಲಿ ಆತನು ಸಹೋದ್ಯೋಗಿ ಸಿಮೋನನೊಡನೆ ಮೊದಲ ಮಾಪನವನ್ನು ಸಿದ್ಧಪಡಿಸಿದನು. ಸಾಮಾನ್ಯ ತರಗತಿಯಲ್ಲಿ ಕಲಿಯಲಾರದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಬೋಧನೆಯನ್ನು ಒದಗಿಸುವುದು ಅದರ ಗುರಿಯಾಗಿತ್ತು. ಬುದ್ಧಿಯು ಹುಟ್ಟಿನಿಂದಲೇ ನಿಗದಿಯಾದ, ಎಂದೂ ಹೆಚ್ಚದ ಗಂಟೆಂಬ ಮತವನ್ನು ಬಿನೆ ಖಂಡಿಸಿದ್ದನು. ಆದರೆ 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟರ್ಮನ್ ಅದನ್ನು ಪರಿಷ್ಕರಿಸಿ ಪ್ರಚುರಪಡಿಸಿದ ಮೇಲೆ, ಮಾಪನದಿಂದ ಬಂದ ‘ಬುದ್ಧಿಲಬ್ಧ’ವನ್ನು ಮಗುವಿನ ಸ್ಥಿರಗುಣವೆಂದೇ ಭಾವಿಸುವ ರೂಢಿ ಬೆಳೆಯಿತು. ನೆರವಿನ ದಾರಿ ತೋರಲು ಹುಟ್ಟಿದ ಸಾಧನವು ತೀರ್ಪು ಕೊಡುವ ಸಾಧನವಾಯಿತು.

ಕನ್ನಡ ನಾಡು ಈ ವಿಜ್ಞಾನದಲ್ಲಿ ಹಿಂದುಳಿದಿರಲಿಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗಕ್ಕೆ ಅಡಿಪಾಯ ಹಾಕಿದರು. ಕಾಮತರಾದರೋ ಧಾರವಾಡ ಸೀಮೆಯ ಸಾವಿರಕ್ಕೂ ಮಿಕ್ಕ ಕನ್ನಡ ಹಾಗೂ ಮರಾಠಿ ಮಕ್ಕಳನ್ನು ಪರೀಕ್ಷಿಸಿ, ಟರ್ಮನ್ನನ ಮಾಪನವನ್ನು ಈ ಎರಡು ಭಾಷೆಗಳಿಗೆ ಒಗ್ಗಿಸಿ, 1934ರಲ್ಲಿ ಬ್ರಿಟನ್ನಿನ ಶಿಕ್ಷಣ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1940ರಲ್ಲಿ ಹೊರಬಂದಿತು. ಪರದೇಶದ ಪ್ರಶ್ನೆಗಳನ್ನು ಹಾಗೆಯೇ ಮಕ್ಕಳ ಮುಂದಿಡದೆ ಅವರವರ ಮನೆಮಾತಿನಲ್ಲಿ ಕೇಳಬೇಕೆಂದು ಕಂಡುಕೊಂಡದ್ದು ಕಾಮತರ ಹಿರಿಮೆ. ಬಿನೆ-ಕಾಮತ್ ಮಾಪನವು ದಶಕಗಳ ಕಾಲ ನಮ್ಮ ಆಸ್ಪತ್ರೆಗಳಲ್ಲಿಯೂ ವಿಶೇಷ ಶಾಲೆಗಳಲ್ಲಿಯೂ ಬಳಕೆಯಲ್ಲಿ ಉಳಿದುದು ಅವರ ಪರಿಶ್ರಮಕ್ಕೆ ಸಾಕ್ಷಿ.

ಆದರೆ ಒಂದು ಊರಿನ ಮಕ್ಕಳಿಗೆ ಹೊಲಿದ ಅಂಗಿಯನ್ನು ಇನ್ನೊಂದು ಊರಿನ ಮಕ್ಕಳಿಗೆ ತೊಡಿಸುವಾಗ ಎಚ್ಚರ ಬೇಡವೆ? ಗಣಿ ತೋಡುವ ಕೆಲಸಕ್ಕೆಂದು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದವರು ಕಟ್ಟಿದ ಊರು ಚಾಂಪಿಯನ್ ರೀಫ್ಸ್. ಇಲ್ಲಿನ ಮಗುವಿಗೆ ಮನೆಯಲ್ಲಿ ತಮಿಳೋ ತೆಲುಗೋ, ಅಂಗಡಿಯಲ್ಲಿ ಕನ್ನಡ, ನೆರೆಮನೆಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಎಂಬಂತೆ ಒಂದೇ ದಿನದಲ್ಲಿ ನಾಲ್ಕಾರು ಭಾಷೆಗಳು ಕಿವಿಗೆ ಬೀಳುತ್ತವೆ. ಈ ಮಗುವಿನ ಒಂದು ಭಾಷೆಯನ್ನು ಮಾತ್ರ ಹಿಡಿದು ತೂಗಿದರೆ ತಕ್ಕಡಿ ಹಗುರವಾಗಿ ಕಾಣುವುದು ಸಹಜ.

ಒಂದು ಉದಾಹರಣೆಯನ್ನು ಊಹಿಸೋಣ. ದನದ ಚಿತ್ರವನ್ನು ತೋರಿಸಿ ಹೆಸರು ಕೇಳಿದಾಗ ತಮಿಳು ಮನೆಯ ಮಗುವು ‘ಮಾಡು’ ಎನ್ನುತ್ತದೆ. ತಮಿಳಿನಲ್ಲಿ ಅದು ದನಕ್ಕೆ ಸರಿಯಾದ ಹೆಸರು. ಕನ್ನಡದ ಕಿವಿಗೆ ಅದೊಂದು ಕ್ರಿಯಾಪದ. ತಮಿಳರಿಯದ ಪರೀಕ್ಷಕನು ಸೊನ್ನೆ ಬರೆದರೆ, ಆ ಸೊನ್ನೆ ಯಾರ ಅಜ್ಞಾನಕ್ಕೆ ಸಲ್ಲಬೇಕು? ಇನ್ನು ಅಂಕಿಗಳನ್ನು ಕೇಳಿ ಮರಳಿ ಹೇಳಿಸುವ ಸ್ಮೃತಿಪರೀಕ್ಷೆ ಭಾಷೆಗೆ ಅತೀತವೆಂದು ಹಲವರ ನಂಬಿಕೆ. ಕನ್ನಡದಲ್ಲಿ ಒಂದರಿಂದ ಒಂಬತ್ತರವರೆಗಿನ ಪ್ರತಿಯೊಂದು ಅಂಕಿಯ ಹೆಸರಿಗೂ ಎರಡೋ ಮೂರೋ ಅಕ್ಷರಗಳ ಉಚ್ಚಾರಣೆ ಬೇಕು. ಇಂಗ್ಲಿಷಿನಲ್ಲಿ ಏಳನೆಯದೊಂದನ್ನು ಬಿಟ್ಟರೆ ಉಳಿದವು ಒಂದೇ ಉಸಿರಿನವು. ವೇಲ್ಸ್ ಭಾಷೆಯ ಅಂಕಿಗಳನ್ನು ಉಚ್ಚರಿಸಲು ಇಂಗ್ಲಿಷಿಗಿಂತ ಹೆಚ್ಚು ಕಾಲ ಹಿಡಿಯುವುದರಿಂದಲೇ ಆ ಭಾಷೆಯಲ್ಲಿ ಸ್ಮೃತಿಯ ಅಂಕ ಕಡಿಮೆ ಬರುತ್ತದೆಂದು ಎಲಿಸ್ ಮತ್ತು ಹೆನೆಲಿ 1980ರಲ್ಲಿ ತೋರಿಸಿದರು. ಆದ್ದರಿಂದ ಅಂಕಿಗಳನ್ನು ಯಾವ ಭಾಷೆಯಲ್ಲಿ ಕೇಳಲಾಯಿತೆಂಬುದನ್ನು ತಿಳಿಯದೆ ಈ ಅಂಕವನ್ನು ಓದಲಾಗದು.

ಇದೇ ವೇಲ್ಸಿನಲ್ಲಿ 1923ರಲ್ಲಿ ಸೇರ್ ಎಂಬ ವಿದ್ವಾಂಸನು, ಎರಡು ಭಾಷೆಗಳ ಗ್ರಾಮೀಣ ಮಕ್ಕಳು ಬುದ್ಧಿಯಲ್ಲಿ ಹಿಂದೆಂದು ಸಾರಿದ್ದನು. 1962ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಪೀಲ್ ಮತ್ತು ಲ್ಯಾಂಬರ್ಟ್, ಕುಟುಂಬಗಳ ಆರ್ಥಿಕ ಸ್ಥಿತಿಯನ್ನು ಸರಿದೂಗಿಸಿ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ದ್ವಿಭಾಷಿಗಳೇ ಮುಂದೆಂದು ಕಂಡುಬಂದಿತು. ನಮ್ಮ ದೇಶದಲ್ಲಿ ಅಜಿತ್ ಮೊಹಾಂತಿಯವರು ಒಡಿಶಾದ ಕೊಂಧ ಮಕ್ಕಳ ನಡುವೆ ನಡೆಸಿದ ಅಧ್ಯಯನಗಳೂ ದ್ವಿಭಾಷಿಗಳ ಪರವಾಗಿಯೇ ಬಂದುವು. ಹಲವು ಭಾಷೆಗಳಿಂದ ಬುದ್ಧಿ ಹೆಚ್ಚುತ್ತದೆಂಬ ಮಾತು ಇತ್ತೀಚಿನ ದೊಡ್ಡ ಅಧ್ಯಯನಗಳಲ್ಲಿ ವಿವಾದಕ್ಕೊಳಗಾಗಿದೆ. ನಾವೂ ಅದನ್ನು ಹೊಗಳಿಕೆಯ ಮಾತಾಗಿ ಬಳಸಬಾರದು. ಆದರೆ ಭಾಷೆಗಳ ಬಾಹುಳ್ಯದಿಂದ ಮಗುವಿನ ಮಿದುಳು ಮಂಕಾಗುತ್ತದೆಂಬ ಹಳೆಯ ಮತವಂತೂ ನಿಲ್ಲಲಿಲ್ಲ.

ಅಳತೆಯ ಶಿಸ್ತು ಹೇಗಿರಬೇಕೆಂಬುದಕ್ಕೆ ಚಾಂಪಿಯನ್ ರೀಫ್ಸೇ ನಿದರ್ಶನವನ್ನು ಒದಗಿಸಿದೆ. 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮಿನ ವಿದ್ವಾಂಸರೊಡನೆ ಇಲ್ಲಿನ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಪತ್ತೆಹಚ್ಚಿದರು. ಅಷ್ಟು ಆಳಕ್ಕೆ ಇಳಿಯುವ ಅಗತ್ಯವೇನಿತ್ತು? ನೆಲದ ಮೇಲೆ ಬೇರೆ ಕಿರಣಗಳ ಗದ್ದಲದಲ್ಲಿ ಬೇಕಾದುದು ಯಾವುದು, ಬೇಡವಾದುದು ಯಾವುದು ಎಂಬುದೇ ತಿಳಿಯದು. ಆ ಗದ್ದಲವನ್ನು ಬಂಡೆ ತಡೆದ ಮೇಲೆಯೇ ಅಳತೆಗೆ ಅರ್ಥ ಬಂದಿತು. ಕಣವೊಂದನ್ನು ಎಣಿಸಲು ಇಷ್ಟು ಜಾಗರೂಕತೆ ಬೇಕಾದರೆ, ಭಾಷೆ, ಹಸಿವು, ಅಪರಿಚಿತರ ಅಂಜಿಕೆ ಇವುಗಳ ನಡುವೆ ಕುಳಿತ ಮಗುವಿನ ಬುದ್ಧಿಯನ್ನು ಅರ್ಧ ತಾಸಿನಲ್ಲಿ ಎಣಿಸಿದೆವೆನ್ನುವುದು ಎಷ್ಟರಮಟ್ಟಿಗೆ ಶಾಸ್ತ್ರೀಯ?

ಹಾಗೆಂದು ಮಾಪನವನ್ನೇ ಎತ್ತಿ ಎಸೆಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಕಡಿಮೆ ಅಂಕದ ಹಿಂದೆ ಮೂರು ಬಗೆಯ ಕಾರಣಗಳಿರಬಹುದು. ಮೊದಲನೆಯದು ಭಾಷೆಯ ಅಂತರ. ಇದು ಅಳತೆಯ ದೋಷ. ಎರಡನೆಯದು ಕೊರತೆಯ ಪರಿಣಾಮ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಇಲ್ಲಿನ ಅನೇಕ ತಾಯಿತಂದೆಗಳು ನಸುಕಿನಲ್ಲೇ ರೈಲು ಹತ್ತಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗಿ, ಕತ್ತಲಾದ ಮೇಲೆ ಮರಳುವವರಾದರು. ಮಗುವಿನೊಡನೆ ಮಾತನಾಡುವ ವೇಳೆ ಕುಗ್ಗಿದರೆ, ರಕ್ತಹೀನತೆಯೋ ಅಯೋಡಿನ್ನಿನ ಕೊರತೆಯೋ ಸೇರಿದರೆ, ಬೆಳೆಯುವ ಮಿದುಳಿಗೆ ನಿಜವಾದ ಹಾನಿಯೇ ಆಗುತ್ತದೆ. ಆದರೆ ಸಕಾಲದಲ್ಲಿ ಗಮನಿಸಿದರೆ ಅದನ್ನು ಬಹುಮಟ್ಟಿಗೆ ತಡೆಯಬಹುದು. ಮೂರನೆಯದು ಜನ್ಮತಃ ಬಂದ ಬುದ್ಧಿನ್ಯೂನತೆ. ಅಂಥ ಮಗುವಿಗೆ ಸರ್ಕಾರದ ಮತ್ತು ಸಮಾಜದ ಆಸರೆ ಬೇಕೇ ಬೇಕು. ಮಾಪನವನ್ನು ತಿರಸ್ಕರಿಸಿದರೆ ಮೊದಲು ಅನ್ಯಾಯವಾಗುವುದು ಈ ಮೂರನೆಯ ಮಗುವಿಗೆ. ಅದೂ ಅಲ್ಲದೆ, ತಲೆಮಾರಿನಿಂದ ತಲೆಮಾರಿಗೆ ಸರಾಸರಿ ಅಂಕ ಏರುತ್ತಿರುವುದನ್ನು ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ 1987ರಲ್ಲಿ ಹದಿನಾಲ್ಕು ದೇಶಗಳ ಲೆಕ್ಕದಿಂದ ತೋರಿಸಿದರು. ಹೀಗಿರಲು, 1930ರ ದಶಕದ ಮಕ್ಕಳಿಂದ ಕಟ್ಟಿದ ಮಾನದಂಡವು ಇಂದು ನೆರವು ಬೇಕಾದ ಮಗುವನ್ನು ‘ಸರಿಯಾಗಿದೆ’ ಎಂದು ಕೈಬಿಡಲೂಬಹುದು. ಹಳೆಯ ಅಳತೆಗೋಲು ಎರಡೂ ಕಡೆಗೆ ತಪ್ಪುತ್ತದೆ.

ಈ ಮೂರನ್ನೂ ಬೇರ್ಪಡಿಸದೆ ಒಂದೇ ಅಂಕಿಯಲ್ಲಿ ಕಟ್ಟಿಹಾಕುವುದೇ ನಮ್ಮ ಆಕ್ಷೇಪದ ತಿರುಳು. ಮಠದ ಪ್ರಸಾದನಿಲಯಗಳಲ್ಲಿ ಓದಿ ಇಂದು ಗುರುಗಳಾಗಿರುವವರು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿದ್ದಾರೆ. ಅವರಿಗೆ ನಮ್ಮ ಸೂಚನೆ ಇಷ್ಟೆ: ಮಗುವನ್ನು ಪರೀಕ್ಷೆಗೆ ಕಳುಹಿಸುವಾಗ ಅದರ ಮನೆಮಾತನ್ನು ಬರೆದು ಕಳುಹಿಸಿರಿ, ಆ ಭಾಷೆ ಬಲ್ಲವರೇ ಕೇಳಲೆಂದು ಒತ್ತಾಯಿಸಿರಿ. ಮಗುವು ಯಾವ ಭಾಷೆಯಲ್ಲಿ ಸರಿಯುತ್ತರ ಕೊಟ್ಟರೂ ಅದು ಉತ್ತರವೇ ಎಂದು ತಿಳಿಯಿರಿ. ಅದು ಅಂಗಡಿಯಿಂದ ಚಿಲ್ಲರೆ ಎಣಿಸಿ ತರುತ್ತದೆಯೆ, ತಮ್ಮತಂಗಿಯರನ್ನು ನೋಡಿಕೊಳ್ಳುತ್ತದೆಯೆ, ಒಂಟಿಯಾಗಿ ದಾರಿ ಹಿಡಿದು ಮನೆ ಸೇರುತ್ತದೆಯೆ ಎಂಬುದನ್ನು ತಾಯಿಯಿಂದ ಕೇಳಿ ತಿಳಿಯಿರಿ. ಕಿವಿ, ಕಣ್ಣು, ರಕ್ತ ಇವುಗಳ ತಪಾಸಣೆ ಮೊದಲು ನಡೆಯಲಿ. ಒಂದು ವರ್ಷದ ಬೋಧನೆಯ ಬಳಿಕ ಮತ್ತೊಮ್ಮೆ ಅಳೆಯಿಸಿರಿ.

ಕಾಮತರು ಧಾರವಾಡದ ಮಕ್ಕಳಿಗೆ ಅವರವರ ಮಾತಿನಲ್ಲಿಯೇ ಪ್ರಶ್ನೆ ಕೇಳಿದರು. ಚಾಂಪಿಯನ್ ರೀಫ್ಸಿನ ಮಗುವಿಗೂ ಅಷ್ಟೇ ನ್ಯಾಯ ಸಲ್ಲಬೇಕು. ಅವರ ಪ್ರಶ್ನೆಗಳಿಗಿಂತ ಅವರ ಆ ನೀತಿಯನ್ನು ಮುಂದುವರಿಸುವುದೇ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.