ಹತ್ತಿಯ ಹೊಲದಲ್ಲಿ ರೆನ್ವಾರ್

ಕ್ಯಾಮೆರಾದ ಹಿಂದೆ ಪರದೇಶದವನು ನಿಲ್ಲುವುದು ನಮ್ಮ ಗುಬ್ಬಿಯ ಮಟ್ಟಿಗೆ ಅಪೂರ್ವ ಸಂಗತಿಯೇನಲ್ಲ. ನಾಟಕ ಕಂಪನಿಯ ಗುಬ್ಬಿ ವೀರಣ್ಣನವರು ಮೂಕಿಚಿತ್ರಗಳ ಕಾಲದಲ್ಲಿ ತೆಗೆಯಿಸಿದ 'ಹಿಸ್ ಲವ್ ಅಫೇರ್' ಚಿತ್ರಕ್ಕೆ ರಫೇಲ್ ಆಲ್ಗೋಟ್ ಎಂಬ ವಿದೇಶೀಯನೇ ನಿರ್ದೇಶಕನಾಗಿದ್ದನು. ಆದರೆ ಹೊರಗಿನಿಂದ ಬಂದವನೊಬ್ಬನು ಅನ್ಯರ ಹೊಲದ ಬದುವಿನ ಮೇಲೆ ನಿಂತು, ಉಳುವವನ ಕಷ್ಟವನ್ನು ಮರುಕದ ಲೇಪವಿಲ್ಲದೆ ಕಂಡ ನಿದರ್ಶನವನ್ನು ಅರಸುವವರು, ಝಾನ್ ರೆನ್ವಾರನು 1945ರಲ್ಲಿ ಹೊರತಂದ 'ದಿ ಸದರ್ನರ್' ಚಿತ್ರವನ್ನು ನೋಡತಕ್ಕದ್ದು.

ವರ್ಣಚಿತ್ರಕಾರ ಆಗಸ್ಟ್ ರೆನ್ವಾರನ ಮಗನಾದ ಈತನು, ಜರ್ಮನರ ವಶವಾದ ಫ್ರಾನ್ಸನ್ನು ತೊರೆದು ಅಮೆರಿಕವನ್ನು ಸೇರಿದವನು. ಕೂಲಿಯನ್ನು ಬಿಟ್ಟು, ಬೀಳುಬಿದ್ದ ಹೊಲವೊಂದನ್ನು ಗೇಣಿಗೆ ಹಿಡಿಯುವ ಟೆಕ್ಸಾಸಿನ ಸ್ಯಾಮ್ ಟಕರನ ಕಥೆಯನ್ನು, 1974ರ ಭೂಸುಧಾರಣೆಗೆ ಮುನ್ನ ಗೇಣಿಗೋ ವಾರಕ್ಕೋ ಆರಂಬ ಮಾಡಿ, ಮಳೆ ಕೈಕೊಟ್ಟ ವರ್ಷ ಸಾಹುಕಾರನ ಜಗಲಿಯ ಮುಂದೆ ಕೈಕಟ್ಟಿ ನಿಂತ ಕುಣಿಗಲ್ ಸೀಮೆಯ ಹಿರಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಹೊಲದ ಪಾಳುಮನೆಯನ್ನು ಕಂಡ ಸ್ಯಾಮನ ಅಜ್ಜಿಯು ಲಾರಿಯಿಂದ ಇಳಿಯಲೊಲ್ಲೆನೆಂದು ಹಟಹಿಡಿದು ಕೂರುತ್ತಾಳೆ. ಒಳಗೆ ಮೊಮ್ಮಗನ ಹೆಂಡತಿಯು ಒಲೆ ಹೊತ್ತಿಸುತ್ತಾಳೆ. ಒಲೆ ಹೊತ್ತಿದ ಮೇಲೆಯೇ ಅದು ಮನೆ. ಹಾಲು ತರಕಾರಿಗಳಿಲ್ಲದೆ ಮಗು ಕಾಯಿಲೆ ಬಿದ್ದಾಗ, ನೆರೆಯ ಡೆವರ್ಸನ ಕೊಟ್ಟಿಗೆಯಲ್ಲಿ ಹಸುವಿದ್ದೂ ಹಾಲು ಸಿಗದು. ಆದರೆ ಆ ಕಲ್ಲೆದೆಯವನೂ ಇದೇ ಬಡತನದಲ್ಲಿ ಹೆಂಡತಿ ಮಕ್ಕಳನ್ನು ಮಣ್ಣುಮಾಡಿದವನೆಂಬುದನ್ನು ತಿಳಿಸಿ, ರೆನ್ವಾರನು ನಮ್ಮ ಕೋಪವನ್ನು ಅರ್ಧದಲ್ಲಿಯೇ ತಡೆದು ನಿಲ್ಲಿಸುತ್ತಾನೆ. ಕೈಗೆ ಬಂದ ಹತ್ತಿಯನ್ನು ಒಂದು ಬಿರುಮಳೆ ಕೊಚ್ಚಿಕೊಂಡು ಹೋಗುತ್ತದೆ.

ತಮ್ಮ ನಾಡಿನ ರೈತರನ್ನು ಹೀನವಾಗಿ ತೋರಿಸಿದೆಯೆಂದು ಮೆಂಫಿಸ್ ನಗರದ ಸೆನ್ಸಾರು ಚಿತ್ರವನ್ನು ನಿಷೇಧಿಸಿತು. ಬಡತನವನ್ನು ಸಹಿಸುವವರಿಗೂ ಅದರ ಚಿತ್ರವನ್ನು ಸಹಿಸಲಾಗದಷ್ಟೆ! ನನ್ನ ಆಕ್ಷೇಪವಾದರೋ ಬೇರೆ: ಹತ್ತಿಯ ಸೀಮೆಯ ಕಥೆಯಾಗಿಯೂ ಕರಿಯರ ದುಡಿಮೆ ಇಲ್ಲಿ ಅಂಚಿಗೆ ಸರಿದಿದೆ.

ಅನಂತರ ರೆನ್ವಾರನು ಬಂಗಾಳಕ್ಕೆ ಬಂದು, 1951ರಲ್ಲಿ ತೆರೆಕಂಡ 'ದಿ ರಿವರ್' ಚಿತ್ರವನ್ನು ತೆಗೆದನು. ಅದರ ವರ್ಣವೈಭವವನ್ನು ಹೊಗಳುವವರು ಬಹಳ ಮಂದಿ. ನಾನು ಅವರ ಪಂಗಡದವನಲ್ಲ. ಸೆಣಬಿನ ಗಿರಣಿಯ ಆಂಗ್ಲ ಕುಟುಂಬದ ಅಂಗಳದಿಂದ ನದಿಯನ್ನು ನೋಡಿದ ಆತನಿಗೆ, ಆ ಸೆಣಬನ್ನು ಬೆಳೆದವನ ಗುಡಿಸಲಿನ ಒಲೆ ಕಾಣಲೇ ಇಲ್ಲ.