ನಡುಗುವ ಕ್ಯಾಮರಾ ಮತ್ತು ಒಂದು ಕ್ಷಮಾಯಾಚನೆ

'ದ ಬಾರ್ನ್ ಸುಪ್ರಿಮಸಿ' ನೋಡಿದವರ ಅಭಿಪ್ರಾಯ ಕೇಳಿದರೆ, ಕಥೆಗಿಂತ ಮೊದಲು ತಲೆಸುತ್ತಿನ ಮಾತು ಬರುತ್ತದೆ. ಕ್ಯಾಮರಾ ಒಂದು ಕ್ಷಣವೂ ನಿಲ್ಲುವುದಿಲ್ಲ, ಹೊಡೆದಾಟದಲ್ಲಿ ಯಾರ ಕೈ ಯಾರ ಕುತ್ತಿಗೆ ಮೇಲಿದೆ ಎಂಬುದೇ ತಿಳಿಯುವುದಿಲ್ಲ, ಕಣ್ಣು ಮುಚ್ಚಿ ಕೂರಬೇಕಾಯಿತು ಎಂಬ ದೂರು. 2004ರ ಜುಲೈಯಲ್ಲಿ ಚಿತ್ರ ಅಮೆರಿಕದಲ್ಲಿ ತೆರೆಕಂಡಾಗ ಎದ್ದ ಈ ತಕರಾರು ಎರಡು ದಶಕ ಕಳೆದರೂ ಮುಗಿದಿಲ್ಲ. ಅದಕ್ಕೆ ಪ್ರತಿಯಾಗಿ ಇನ್ನೊಂದು ಗುಂಪಿನವರು, ಬೇಹುಗಾರಿಕೆಯ ಚಿತ್ರ ಎಂದರೆ ಹೀಗಿರಬೇಕು, ಇದರಲ್ಲಿ ಮ್ಯಾಜಿಕ್ ಮಾಡುವ ಕಾರುಗಳಿಲ್ಲ, ಸೂಟಿನ ಇಸ್ತ್ರಿ ಕೆಡದ ನಾಯಕನಿಲ್ಲ, ಬೆವರು ಬೆವರಾಗಿಯೇ ಕಾಣುತ್ತದೆ ಎನ್ನುತ್ತಾರೆ.

ಎರಡೂ ಕಡೆಯವರು ನೋಡಿದ್ದು ಒಂದೇ ಚಿತ್ರವನ್ನು, ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಈ ಜಗಳದ ಸದ್ದಿನಲ್ಲಿ ಚಿತ್ರದ ಕೊನೆಯ ಒಂದು ದೃಶ್ಯ ಬಹಳ ಜನರ ಗಮನದಿಂದ ಜಾರಿಹೋಗಿದೆ. ಕ್ಯಾಮರಾ ಯಾಕೆ ನಡುಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಆ ದೃಶ್ಯದಲ್ಲೇ ಇದೆ ಎಂದು ನನಗನಿಸುತ್ತದೆ.

ಮೊದಲು ಹಿನ್ನೆಲೆ. ರಾಬರ್ಟ್ ಲಡ್ಲಮ್ ಬರೆದ ಕಾದಂಬರಿಯ ಆಧಾರದಲ್ಲಿ ಡಗ್ ಲೀಮನ್ ನಿರ್ದೇಶಿಸಿದ 'ದ ಬಾರ್ನ್ ಐಡೆಂಟಿಟಿ' 2002ರಲ್ಲಿ ಬಂತು. ನೆನಪು ಕಳೆದುಕೊಂಡ ಯುವಕನೊಬ್ಬ ತಾನು ಅಮೆರಿಕದ ಗುಪ್ತಚರ ಸಂಸ್ಥೆ ತಯಾರಿಸಿದ ಕೊಲೆಗಾರ ಎಂದು ಕಂಡುಕೊಳ್ಳುವ ಕಥೆ ಅದು. ಬಾರ್ನ್ ಪಾತ್ರದಲ್ಲಿ ಮ್ಯಾಟ್ ಡೇಮನ್, ಅವನ ಜೊತೆಗಾತಿ ಮೇರಿಯಾಗಿ ಜರ್ಮನ್ ನಟಿ ಫ್ರಾಂಕಾ ಪೊಟೆಂಟೆ. ಎರಡನೆಯ ಭಾಗಕ್ಕೆ ನಿರ್ದೇಶಕರು ಬದಲಾದರು. ಬಂದವರು ಬ್ರಿಟನ್ನಿನ ಪಾಲ್ ಗ್ರೀನ್‌ಗ್ರಾಸ್. ಹೆಸರನ್ನು ಲಡ್ಲಮ್ ಅವರ 1986ರ ಕಾದಂಬರಿಯಿಂದ ತೆಗೆದುಕೊಂಡರೂ ಅದರ ಹಾಂಕಾಂಗ್-ಚೀನಾದ ಕಥೆಯನ್ನು ಬಿಟ್ಟು, ಟೋನಿ ಗಿಲ್ರಾಯ್ ಬೇರೆಯೇ ಚಿತ್ರಕಥೆ ಬರೆದರು. ಪುಸ್ತಕ ಓದಿದ್ದವರಿಗೆ ಇದು ದೊಡ್ಡ ಬೇಸರ. ಆದರೆ ಪ್ರೇಕ್ಷಕರು ಕೈಬಿಡಲಿಲ್ಲ. ಮೊದಲ ಚಿತ್ರ ಜಗತ್ತಿನಾದ್ಯಂತ ಸುಮಾರು 21 ಕೋಟಿ ಡಾಲರ್ ಗಳಿಸಿದ್ದರೆ ಇದು ಸುಮಾರು 29 ಕೋಟಿ ಗಳಿಸಿತು.

ಚಿತ್ರ ಶುರುವಾಗುವುದು ನಮ್ಮ ನೆರೆಯ ಗೋವಾದಲ್ಲಿ. ಬಾರ್ನ್ ಮತ್ತು ಮೇರಿ ಅಲ್ಲಿನ ಕಡಲತೀರದಲ್ಲಿ ತಲೆಮರೆಸಿಕೊಂಡಿದ್ದಾರೆ. ರಾತ್ರಿ ಅವನಿಗೆ ದುಃಸ್ವಪ್ನ, ಹಗಲು ಅವಳಿಗೆ ಅವನದೇ ಚಿಂತೆ. ಅವರನ್ನು ಹುಡುಕಿಕೊಂಡು ಕಿರಿಲ್ ಎಂಬ ರಷ್ಯದ ಹಂತಕ ಬರುತ್ತಾನೆ. ಕಿರಿದಾದ ರಸ್ತೆಗಳಲ್ಲಿ ಬೆನ್ನಟ್ಟುವಿಕೆ. ಕೊಲ್ಲದೆ ಇರುವುದೂ ನಿನ್ನ ಕೈಯಲ್ಲೇ ಇದೆ ಎಂದು ಮೇರಿ ಅವನಿಗೆ ಹೇಳುತ್ತಿರುವಾಗಲೇ ಗುಂಡು ಅವಳಿಗೆ ತಗಲುತ್ತದೆ. ಕಾರು ಸೇತುವೆಯಿಂದ ನದಿಗೆ ಬೀಳುತ್ತದೆ. ನೀರಿನೊಳಗೆ ಅವನು ಅವಳನ್ನು ಉಳಿಸಲು ಹೆಣಗಿ, ಕೊನೆಗೆ ಕೈಬಿಡಬೇಕಾಗುತ್ತದೆ.

ಮೊದಲ ಚಿತ್ರವನ್ನು ಪ್ರೀತಿಸಿದವರಿಗೆ ಇದು ಸಹಿಸಲಾಗದ ಹೊಡೆತ. ನನಗೆ ಪರಿಚಯದ ಒಬ್ಬ ಅಧ್ಯಾಪಕಿ, "ಮೇರಿ ಹೋದ ಮೇಲೆ ನಾನೂ ಎದ್ದು ಹೋಗಬೇಕೆನಿಸಿತು" ಎಂದಿದ್ದರು. ನಾಯಕನಿಗೆ ಸೇಡಿನ ಕಾರಣ ಒದಗಿಸಲು ನಾಯಕಿಯನ್ನು ಕೊಲ್ಲುವುದು ಸಿನಿಮಾದ ಹಳೆಯ ಚಾಳಿ. ಆದರೆ ಈ ಚಿತ್ರ ಆ ಚಾಳಿಯನ್ನು ಅರ್ಧಕ್ಕೇ ಬಿಡುತ್ತದೆ. ತನಗೆ ಮೋಸ ಮಾಡಿದ ಅಧಿಕಾರಿ ವಾರ್ಡ್ ಆಬಟ್ ಎದುರಿಗೆ ಸಿಕ್ಕಾಗ ಬಾರ್ನ್ ಅವನನ್ನು ಕೊಲ್ಲುವುದಿಲ್ಲ. ಮೇರಿ ಇದನ್ನು ಒಪ್ಪುತ್ತಿರಲಿಲ್ಲ ಎಂದು ಹೇಳಿ ಹೊರಟುಹೋಗುತ್ತಾನೆ. ಮಾಸ್ಕೋದ ಸುರಂಗದಲ್ಲಿ ಕಾರು ಜಜ್ಜಿಹೋಗಿ ಕಿರಿಲ್ ನೆತ್ತರಲ್ಲಿ ಬಿದ್ದಿರುವಾಗಲೂ ಬಂದೂಕು ಗುರಿಯಿಟ್ಟವನು ಕುದುರೆ ಎಳೆಯುವುದಿಲ್ಲ. ಮೇರಿ ಸತ್ತ ಮೇಲೂ ಅವಳ ಮಾತು ಕಥೆಯನ್ನು ನಡೆಸುತ್ತದೆ.

ಗೋವಾದ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಕಾರವಾರ ದಾಟಿದರೆ ಸಿಗುವ ನಾಡು ಅದು. ಅಲ್ಲಿ ದುಡಿಯುವ ಕನ್ನಡಿಗರೂ ಕಡಿಮೆಯಿಲ್ಲ. ಆದರೆ ಚಿತ್ರಕ್ಕೆ ಅದು ಅಡಗಲು ಒಂದು ಜಾಗ, ಓಡಲು ಒಂದು ರಸ್ತೆ, ಅಷ್ಟೆ. ಕಥೆಯಲ್ಲಿ ಹೇಳಿಕೊಳ್ಳುವಂಥ ಪಾಲು ಅಲ್ಲಿನ ಒಬ್ಬ ಮನುಷ್ಯನಿಗೂ ಇಲ್ಲ. ಪಾಶ್ಚಾತ್ಯರ ಜಗಳಕ್ಕೆ ನಮ್ಮ ಊರು ಪರದೆಯಾಗುವುದು ಹೊಸದೇನಲ್ಲ. ಉಳಿದ ವಿಷಯಗಳಲ್ಲಿ ಇಷ್ಟು ಎಚ್ಚರವಿರುವ ಚಿತ್ರ ಇಲ್ಲಿಯೂ ಎಚ್ಚರ ತೋರಬಹುದಿತ್ತು.

ಈಗ ಕ್ಯಾಮರಾದ ವಿಷಯ. ಈ ಚಿತ್ರದಲ್ಲಿ ಒಂದು ಶಾಟ್ ಸರಾಸರಿ ಎರಡು ಸೆಕೆಂಡಿನಷ್ಟು ಮಾತ್ರ ತೆರೆಯ ಮೇಲಿರುತ್ತದೆ. ಅದರ ಮೇಲೆ ಕೈಯಲ್ಲೇ ಹಿಡಿದ ಕ್ಯಾಮರಾದ ಅಲುಗಾಟ. ಮ್ಯೂನಿಕ್‌ನ ಮನೆಯೊಳಗೆ ಬಾರ್ನ್ ಸುರುಳಿ ಸುತ್ತಿದ ಪತ್ರಿಕೆಯೊಂದನ್ನೇ ಆಯುಧ ಮಾಡಿಕೊಂಡು ಸೆಣಸುವ ದೃಶ್ಯದಲ್ಲಿ, ಏಟು ಬಿದ್ದದ್ದು ಕಿವಿಗೆ ಕೇಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತಲೆನೋವು ಬಂತು ಎಂದವರನ್ನು ರಸಜ್ಞತೆ ಇಲ್ಲದವರೆಂದು ತಳ್ಳಿಹಾಕುವುದು ಸರಿಯಲ್ಲ. ಕೆಲವು ಕಡೆ ಸಂಕಲನ ನಿಜಕ್ಕೂ ಅತಿಯಾಗಿದೆ. ಕಾರಿನ ಬೆನ್ನಟ್ಟುವಿಕೆಯಲ್ಲಿ ದಿಕ್ಕು ತಪ್ಪುವುದು ನಾಯಕನಷ್ಟೇ ಅಲ್ಲ, ನಾವೂ ಕೂಡ. ಮುಂದೆ ಈ ಶೈಲಿಯನ್ನು ಕಂಡಕಂಡವರು ನಕಲು ಮಾಡಿದಾಗ ಉಳಿದದ್ದು ಅಲುಗಾಟ ಮಾತ್ರ. ಜೇಮ್ಸ್ ಬಾಂಡ್ ಕೂಡ ಇದರ ಗಾಳಿಗೆ ಸಿಕ್ಕ. 2008ರ 'ಕ್ವಾಂಟಮ್ ಆಫ್ ಸೊಲೇಸ್' ನೋಡಿದವರಿಗೆ ಅದು ಗೊತ್ತು.

ಆದರೆ ಗ್ರೀನ್‌ಗ್ರಾಸ್ ಈ ಅಲುಗಾಟವನ್ನು ಫ್ಯಾಶನ್ನಿಗಾಗಿ ತಂದವರಲ್ಲ. ಹಾಲಿವುಡ್ಡಿಗೆ ಬರುವ ಮೊದಲು ಅವರು 'ಬ್ಲಡಿ ಸಂಡೆ' ಎಂಬ ಚಿತ್ರ ಮಾಡಿದ್ದರು. 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಹದಿಮೂರು ಜನ ಅಂದೇ ಸತ್ತರು, ಗಾಯಗೊಂಡ ಇನ್ನೊಬ್ಬರು ನಂತರ ತೀರಿಕೊಂಡರು. ಆ ದಿನದ ಕಥೆಯನ್ನು, ಮೆರವಣಿಗೆಯಲ್ಲಿದ್ದವನೊಬ್ಬ ಕ್ಯಾಮರಾ ಹಿಡಿದು ಓಡುತ್ತಿದ್ದಾನೋ ಎಂಬಂತೆ ಅವರು ಚಿತ್ರೀಕರಿಸಿದರು. 2002ರ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಸ್ವರ್ಣ ಕರಡಿ ಸಂದಿತು. ಅಲ್ಲಿ ನಡುಗುವ ಕ್ಯಾಮರಾ ಎಂದರೆ ಸಾಕ್ಷಿಯ ಕಣ್ಣು. ಎಲ್ಲವೂ ಸ್ಪಷ್ಟವಾಗಿ ಕಾಣುವುದು ಆಮೇಲೆ ವರದಿ ಬರೆಯುವವನಿಗೆ. ಗುಂಡು ಹಾರುವಾಗ ಅಲ್ಲಿದ್ದವನಿಗೆ ಎಲ್ಲವೂ ತುಂಡುತುಂಡು.

ಬಾರ್ನ್ ಕೂಡ ತುಂಡುಗಳನ್ನೇ ಕಾಣುತ್ತಾನೆ. ಒಂದು ಹೋಟೆಲ್ ಕೋಣೆ, ಮಳೆ, ಒಬ್ಬ ಗಂಡಸು, ಒಬ್ಬ ಹೆಂಗಸು. ಚಿತ್ರ ಸಾಗಿದಂತೆ ಆ ಚೂರುಗಳು ಕೂಡಿಕೊಂಡು ಒಂದು ಕೊಲೆಯಾಗುತ್ತವೆ. ವರ್ಷಗಳ ಹಿಂದೆ ಬರ್ಲಿನ್‌ನಲ್ಲಿ ಅವನು ನೆಸ್ಕಿ ಎಂಬ ರಷ್ಯದ ರಾಜಕಾರಣಿಯನ್ನು ಕೊಂದಿದ್ದ. ಹೆಂಡತಿ ಅಲ್ಲಿರುವಳೆಂದು ಅವನಿಗೆ ಗೊತ್ತಿರಲಿಲ್ಲ. ಅವಳನ್ನೂ ಕೊಂದು, ಗಂಡನನ್ನು ಕೊಂದು ತಾನೂ ಸತ್ತಳು ಎಂದು ಕಾಣುವಂತೆ ಮಾಡಿದ್ದ. ಆ ಕೊಲೆಯ ಹಿಂದೆ ದೇಶರಕ್ಷಣೆಯೂ ಇರಲಿಲ್ಲ. ಅವನ ಸಂಸ್ಥೆಯದೇ ಎರಡು ಕೋಟಿ ಡಾಲರನ್ನು ಆಬಟ್ ಒಬ್ಬ ರಷ್ಯನ್ ತೈಲ ವ್ಯಾಪಾರಿಯ ಜೊತೆ ಸೇರಿ ಕದ್ದದ್ದು ಬಯಲಾಗಬಾರದೆಂದು ಮಾಡಿಸಿದ ಕೊಲೆ ಅದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಾಲಿವುಡ್ಡಿನ ಸಾಹಸ ಚಿತ್ರಗಳಿಗೆ ಖಳನಾಯಕ ಬೇಕಾದಾಗ ಗಡ್ಡ ಮತ್ತು ಅರಬಿ ಹೆಸರು ಸುಲಭವಾಗಿ ಕೈಗೆ ಸಿಗುತ್ತಿದ್ದವು. 1994ರ 'ಟ್ರೂ ಲೈಸ್' ಅದಕ್ಕೆ ಒಳ್ಳೆಯ ಉದಾಹರಣೆ. 2001ರ ಸೆಪ್ಟೆಂಬರ್ ನಂತರವಂತೂ ಆ ದಾರಿ ಇನ್ನೂ ಸಲೀಸಾಗಿತ್ತು. ಈ ಚಿತ್ರ ಆ ದಾರಿ ಹಿಡಿಯಲಿಲ್ಲ. ಅಬು ಗ್ರೈಬ್ ಜೈಲಿನ ಚಿತ್ರಗಳು ಹೊರಬಿದ್ದದ್ದು 2004ರ ಏಪ್ರಿಲ್‌ನಲ್ಲಿ. ಇರಾಕಿನ ಶಸ್ತ್ರಾಸ್ತ್ರಗಳ ಬಗ್ಗೆ ಗುಪ್ತಚರ ಸಂಸ್ಥೆ ಎಡವಿದ್ದನ್ನು ಅಮೆರಿಕದ ಸೆನೆಟ್ ಸಮಿತಿ ವರದಿ ಮಾಡಿದ್ದು ಜುಲೈ 9ರಂದು. ಚಿತ್ರ ಬಿಡುಗಡೆಯಾದದ್ದು ಅದೇ ತಿಂಗಳ 23ರಂದು. ಆ ದಿನಗಳಲ್ಲಿ, ಕಳ್ಳ ಹೊರಗಿಲ್ಲ, ನಮ್ಮದೇ ಕಚೇರಿಯ ಕುರ್ಚಿಯಲ್ಲಿ ಕುಳಿತು ದೇಶಭಕ್ತಿಯ ಮಾತಾಡುತ್ತಿದ್ದಾನೆ ಎಂದು ಹೇಳಿದ ಚಿತ್ರವನ್ನು ಅಮೆರಿಕದ ಪ್ರೇಕ್ಷಕರೇ ಮುಗಿಬಿದ್ದು ನೋಡಿದರು. ಪ್ರೇಕ್ಷಕರ ಅಭಿಪ್ರಾಯವನ್ನು ಅವರ ಬಾಯಿಮಾತಿನಲ್ಲಷ್ಟೇ ಹುಡುಕಬಾರದು, ಅವರು ಕೊಂಡ ಟಿಕೆಟಿನಲ್ಲೂ ಹುಡುಕಬೇಕು.

ಇನ್ನು ಆ ಕೊನೆಯ ದೃಶ್ಯ. ಕಿರಿಲ್ ಬಿದ್ದ, ಬೆನ್ನಟ್ಟುವಿಕೆ ಮುಗಿಯಿತು. ಮಾಮೂಲಿ ಚಿತ್ರವಾದರೆ ಇಲ್ಲಿಗೆ ಶುಭಂ. ಆದರೆ ಗಾಯಗೊಂಡ ಬಾರ್ನ್ ಕುಂಟುತ್ತ ಮಾಸ್ಕೋದ ಹೊರವಲಯದ ಒಂದು ಬಡ ವಸತಿ ಕಟ್ಟಡಕ್ಕೆ ಹೋಗುತ್ತಾನೆ. ಅಲ್ಲಿ ನೆಸ್ಕಿ ದಂಪತಿಯ ಮಗಳು ಐರಿನಾ ಇದ್ದಾಳೆ. ಪಾತ್ರ ಮಾಡಿದವರು ಒಕ್ಸಾನಾ ಅಕಿನ್ಶಿನಾ. ಮನೆಯಲ್ಲಿ ಅಪ್ಪ ಅಮ್ಮನ ಭಾವಚಿತ್ರವಿದೆ. ಆದರೆ ಅದು ಬರೀ ಒಂದು ಫೋಟೋ ಎನ್ನುತ್ತಾಳೆ ಹುಡುಗಿ. ಯಾಕೆಂದರೆ ಅಮ್ಮನೇ ಅಪ್ಪನನ್ನು ಕೊಂದಳೆಂದು ನಂಬಿ ಬೆಳೆದವಳು ಅವಳು. ನಿನ್ನ ಅಮ್ಮ ಕೊಲ್ಲಲಿಲ್ಲ, ಕೊಂದವನು ನಾನು ಎಂದು ಅವನು ಹೇಳುತ್ತಾನೆ. ಕ್ಷಮಿಸು ಎನ್ನುತ್ತಾನೆ. ಅವಳು ಅಳುತ್ತಾಳೆ, ಕ್ಷಮಿಸಿದೆ ಎನ್ನುವುದಿಲ್ಲ. ಅವನು ಉತ್ತರಕ್ಕೆ ಕಾಯದೆ ಹಿಮದಲ್ಲಿ ನಡೆದುಹೋಗುತ್ತಾನೆ.

ಈ ದೃಶ್ಯದ ಬಗ್ಗೆಯೂ ಅಭಿಪ್ರಾಯ ಎರಡಾಗಿವೆ. ಬಿರುಸಿನ ಕ್ಲೈಮ್ಯಾಕ್ಸ್ ಆದ ಮೇಲೆ ಇದು ಸಪ್ಪೆ ಎಂದವರಿದ್ದಾರೆ. ನನ್ನ ಜೊತೆ ಕುಳಿತು ನೋಡಿದ ಗೆಳೆಯರೊಬ್ಬರು ಇನ್ನೂ ಕಟುವಾಗಿ ಕೇಳಿದರು: "ಕೊಂದವನು ಸಾರಿ ಹೇಳಿ ಹಗುರಾಗುತ್ತಾನೆ, ಆ ಹುಡುಗಿಗೆ ಏನು ಸಿಕ್ಕಿತು?" ಒಳ್ಳೆಯ ಪ್ರಶ್ನೆ. ಅವನ ಕ್ಷಮಾಯಾಚನೆಯಿಂದ ಸತ್ತವರು ಏಳುವುದಿಲ್ಲ. ಅವನಿಗೆ ಶಿಕ್ಷೆಯೂ ಆಗುವುದಿಲ್ಲ. ಆದರೆ ಅವಳಿಗೆ ಸಿಕ್ಕಿದ್ದು ಸಣ್ಣದಲ್ಲ. ಅವಳ ಅಮ್ಮ ಅವಳಿಗೆ ಮರಳಿ ಸಿಕ್ಕಳು. ಸತ್ತವರನ್ನು ಕೊಂದದ್ದು ಒಂದು ಅನ್ಯಾಯ, ಸತ್ತವರ ಮೇಲೆ ಆ ಕೊಲೆಯನ್ನೇ ಹೊರಿಸಿದ್ದು ಇನ್ನೊಂದು. ಎರಡನೆಯದನ್ನಾದರೂ ತೆಗೆಯಬಹುದು, ಸತ್ಯ ಗೊತ್ತಿರುವವನು ಬಾಯಿ ಬಿಟ್ಟರೆ.

ಡೆರಿಯಲ್ಲೂ ನಡೆದದ್ದು ಇದೇ. 1972ರ ಸರಕಾರಿ ವಿಚಾರಣೆ ಸೈನಿಕರನ್ನು ಬಹುಮಟ್ಟಿಗೆ ದೋಷಮುಕ್ತಗೊಳಿಸಿ, ಸತ್ತವರಲ್ಲಿ ಕೆಲವರ ಮೇಲೆಯೇ ಸಂಶಯದ ನೆರಳು ಬೀಳಿಸಿತು. ಸತ್ತವರು ನಿರಪರಾಧಿಗಳು ಎಂದು ಅಧಿಕೃತವಾಗಿ ಕೇಳಲು ಆ ಮನೆಯವರು 2010ರ ಜೂನ್ 15ರವರೆಗೆ, ಮೂವತ್ತೆಂಟು ವರ್ಷ ಕಾಯಬೇಕಾಯಿತು. ಸ್ಯಾವಿಲ್ ವರದಿ ಹೊರಬಂದ ಆ ದಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅಷ್ಟರಲ್ಲಿ ಎಷ್ಟು ತಾಯಂದಿರು ಮಣ್ಣಾಗಿದ್ದರೋ.

ಚಿತ್ರದ ಕೊನೆಗೆ ಇನ್ನೊಂದು ಕ್ಷಮಾಯಾಚನೆಯೂ ಇದೆ, ಅದನ್ನು ಗಮನಿಸಿದವರು ಇನ್ನೂ ಕಡಿಮೆ. ನ್ಯೂಯಾರ್ಕಿನಲ್ಲಿ ಅಧಿಕಾರಿ ಪಮೇಲಾ ಲ್ಯಾಂಡಿ (ಜೋನ್ ಅಲೆನ್) ಫೋನಿನಲ್ಲಿ ಬಾರ್ನ್‌ನ ಕ್ಷಮೆ ಕೇಳಬೇಕು ಎನ್ನುತ್ತಾಳೆ. ಇದು ಅಧಿಕೃತವೇ ಎಂದು ಅವನು ಕೇಳುತ್ತಾನೆ. ಅಲ್ಲ, ದಾಖಲೆಗೆ ಸೇರದ ಮಾತು, ನಿನಗೆ ಗೊತ್ತಲ್ಲ ಎನ್ನುತ್ತಾಳೆ ಆಕೆ. ಒಳ್ಳೆಯ ಹೆಂಗಸು, ಪ್ರಾಮಾಣಿಕ ಅಧಿಕಾರಿ. ಆದರೂ ಅವಳ ಕ್ಷಮೆಗೆ ಸಹಿ ಇಲ್ಲ, ಮೊಹರಿಲ್ಲ. ಒಬ್ಬ ವ್ಯಕ್ತಿ ಸಾವಿರಾರು ಮೈಲಿ ಹೋಗಿ ಮುಖ ನೋಡಿ ತಪ್ಪೊಪ್ಪಿಕೊಳ್ಳುತ್ತಾನೆ, ಅವನನ್ನು ಕಳಿಸಿದ ಸಂಸ್ಥೆ ಫೋನಿನಲ್ಲೂ ಅಧಿಕೃತವಾಗಿ ಒಪ್ಪಿಕೊಳ್ಳುವುದಿಲ್ಲ.

ಈ ಸರಣಿಯ ಮೂರನೆಯ ಚಿತ್ರ 2007ರಲ್ಲಿ ಬಂದು ಸಂಕಲನ ಮತ್ತು ಧ್ವನಿಗೆ ಮೂರು ಆಸ್ಕರ್ ಗೆದ್ದಿತು. ಅದು ಇನ್ನೂ ವೇಗವಾಗಿದೆ, ಇನ್ನೂ ಚತುರವಾಗಿದೆ. ಆದರೂ ನಾನು ಮತ್ತೆ ಮತ್ತೆ ಮರಳುವುದು ಎರಡನೆಯದಕ್ಕೇ. ತಲೆಸುತ್ತು ಬರುವವರು ಬೇಕಿದ್ದರೆ ಹೊಡೆದಾಟದ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳಲಿ. ಮಾಸ್ಕೋದ ಆ ಪುಟ್ಟ ಕೋಣೆಗೆ ಬಂದಾಗ ಮಾತ್ರ ಕಣ್ಣು ತೆರೆದು ಕೂರಬೇಕು. ಅಷ್ಟು ಹೊತ್ತು ಓಡಿದ ಚಿತ್ರ ಅಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿ, ಸುಳ್ಳು ಹೇಳಿಸಿಕೊಂಡು ಬೆಳೆದ ಒಬ್ಬ ಮಗಳ ಮುಖವನ್ನು ನಮಗೆ ತೋರಿಸುತ್ತದೆ. ಅಂಥ ಮಕ್ಕಳು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರ ಬಾಗಿಲು ತಟ್ಟುವವರು ಎಷ್ಟು ಮಂದಿ?